ತಂತಿಗೆ ಚುಚ್ಚಿದ ನಲವತ್ತೊಂದು ಪತ್ರಗಳು

ಕಲ್ಲಿಗೆ ವಾಸನೆ ಇರುವುದಿಲ್ಲ ಎಂದು ಇಪ್ಪತ್ತೈದು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಬಣ್ಣ ನೋಡಿ, ತೂಕ ನೋಡಿ, ಮೊಳೆಯಿಂದ ಗೀರಿ ನೋಡಿ, ಮೂಸಬೇಡಿ ಎಂದು ಹೇಳುತ್ತಿದ್ದೆ. ಹೋದ ವಾರ ಅಂಚೆಯಲ್ಲಿ ಬಂದು ನನ್ನ ಮೇಜಿನ ಮೇಲೆ ಕೂತಿರುವ ಕಲ್ಲು ಮಾತ್ರ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಹೊಡೆಯುತ್ತಿದೆ. ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ. ಬಾಗಿಲು ತೆರೆದು ಒಳಗೆ ಬಂದರೆ ಮೊದಲು ಅದು ಮೂಗಿಗೆ ಬಡಿಯುತ್ತದೆ, ಅದರ ಬೆನ್ನಿಗೇ ನಾಲ್ಕು ವರ್ಷದ ಹಿಂದಿನ ಚಳಿಗಾಲ ಬರುತ್ತದೆ. ಆ ಚಳಿಗಾಲದಲ್ಲಿ ನಾನು ಮನಸ್ಸಿಟ್ಟು ಮಾಡಿದ ಕೆಲಸ ಒಂದೇ, ಹೊಟ್ಟೆಕಿಚ್ಚು ಪಟ್ಟದ್ದು.

ಕುಷ್ಟಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಪ್ರಯೋಗಾಲಯ ಎಂಬ ಹೆಸರು ಹೊತ್ತ ಕೋಣೆಯಲ್ಲಿ ಒಂದು ಕಬ್ಬಿಣದ ಕಪಾಟು ಇದೆ. ಅದರ ತುಂಬ ನಾನು ಸುತ್ತಲಿನ ಹಳ್ಳಗಳಲ್ಲಿ, ಗುಡ್ಡಗಳಲ್ಲಿ ಆಯ್ದು ತಂದ ಕಲ್ಲುಗಳು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಅದರಲ್ಲಿ ನನಗೆ ಪ್ರಾಣವಾದದ್ದು ಹನುಮಸಾಗರದ ಆಚೆ ಒಂದು ಹಳ್ಳದಲ್ಲಿ ಸಿಕ್ಕ ಕಲ್ಲು. ಒಣಗಿದ್ದಾಗ ಅದು ಬೂದು ಬಣ್ಣದ ಸಾದಾ ಗುಂಡು. ನೀರು ಹಾಕಿದರೆ ಸಾಕು, ಅಡ್ಡ ಕೊಯ್ದ ಉಳ್ಳಾಗಡ್ಡಿಯ ಹಾಗೆ ಸುತ್ತು ಸುತ್ತು ಗೆರೆಗಳು ಎದ್ದು ಬರುತ್ತವೆ. ಮೀನು, ಹುಳು ಯಾವುದೂ ಹುಟ್ಟದ ಕಾಲದಲ್ಲಿ ಇಲ್ಲಿ ನೀರು ನಿಂತಿತ್ತು, ಆ ನೀರಿನ ಪಾಚಿ ಪದರದ ಮೇಲೆ ಪದರ ಕಟ್ಟಿಕೊಂಡ ಗುರುತು ಅದು. ಈ ಬಯಲುಸೀಮೆಯಲ್ಲಿ ಅದನ್ನು ಮೊದಲು ಕಂಡವಳು ನಾನೇ ಎಂದು ನಂಬಿದ್ದೆ. ಫೋಟೋ ಇಟ್ಟು ದೊಡ್ಡ ಊರುಗಳ ಪಂಡಿತರಿಗೆ ಇಪ್ಪತ್ತೆರಡು ಪತ್ರ ಬರೆದೆ. ಒಬ್ಬರೂ ಉತ್ತರ ಬರೆಯಲಿಲ್ಲ. ಒಂದು ಸಲ ರಿಜಿಸ್ಟರ್ ಪತ್ರ ಮುಟ್ಟಿದ್ದಕ್ಕೆ ಯಾರೋ ಜವಾನ ಸಹಿ ಹಾಕಿದ ಕಾರ್ಡು ವಾಪಸು ಬಂತು. ಅದನ್ನೂ ಎತ್ತಿಟ್ಟುಕೊಂಡಿದ್ದೇನೆ ಎಂದರೆ ನನ್ನ ಗತಿ ನೀವೇ ತಿಳಿದುಕೊಳ್ಳಿ.

ಗಿರಿಜಾ ನಮ್ಮ ಶಾಲೆಗೆ ಕನ್ನಡ ಟೀಚರಾಗಿ ಬಂದದ್ದು ಆ ವರ್ಷದ ಜೂನ್‌ನಲ್ಲಿ. ನನಗಿಂತ ಹದಿನೈದು ವರ್ಷ ಚಿಕ್ಕವಳು. ಸುಣ್ಣದ ಕಲ್ಲಿಗೂ ಮರಳುಗಲ್ಲಿಗೂ ವ್ಯತ್ಯಾಸ ಗೊತ್ತಿಲ್ಲದವಳು, ಗೊತ್ತಿಲ್ಲ ಎಂಬ ಚಿಂತೆಯೂ ಇಲ್ಲದವಳು. ದೀಪಾವಳಿಗೆಂದು ಹನುಮಸಾಗರದ ಹತ್ತಿರದ ತನ್ನ ಹಳ್ಳಿಗೆ ಹೋದಾಗ ಮನೆಗೆ ಸುಣ್ಣ ಹಚ್ಚಲು ಅಟ್ಟ ಖಾಲಿ ಮಾಡಿದ್ದಾರೆ. ಅಲ್ಲಿ ಸಿಕ್ಕ ಒಂದು ಕಾಗದದ ತಂತಿಯನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ನಮ್ಮ ಕಡೆ ಹಿಂದೆ ಎಲ್ಲರ ಮನೆಯಲ್ಲೂ ಅಂಥದೊಂದು ತಂತಿ ಇರುತ್ತಿತ್ತು. ತಳಕ್ಕೆ ಮರದ ಬಿಲ್ಲೆ, ಮೇಲೆ ಕೊಕ್ಕೆ. ಬಂದ ಪತ್ರವನ್ನು ಓದಿ ನಡುವೆ ಚುಚ್ಚಿ ಗೋಡೆಯ ಮೊಳೆಗೆ ತೂಗುಹಾಕುವುದು. ಹಳೆಯದು ತಳಕ್ಕೆ, ಹೊಸದು ಮೇಲಕ್ಕೆ.

ಸ್ಟಾಫ್ ರೂಮಿನಲ್ಲಿ ಅದನ್ನು ನನ್ನ ಮುಂದೆ ಇಟ್ಟಳು. "ಮೇಡಂ, ನಿಮಗ ತೆಲುಗು ಓದಾಕ ಬರ್ತೈತೆಲ್ರಿ. ನಮ್ಮ ಅಜ್ಜಗ ಬಂದ ಕಾಗದ ಇವು. ಏನೋ ಕಲ್ಲಿನ ಸುದ್ದಿ ಅಂತ ಅತ್ತಿ ಅಂದ್ಲು. ನಿಮಗ ಖುಷಿ ಆಗ್ತೈತಿ ಅಂತ ತಂದೀನಿ."

ನಾನು ಬೆಳೆದದ್ದು ಗಂಗಾವತಿ ಕಡೆಯ ಕಾಲುವೆ ಕ್ಯಾಂಪಿನಲ್ಲಿ. ಅಕ್ಕಪಕ್ಕದವರೆಲ್ಲ ತೆಲುಗಿನವರು, ಅವರ ಮಕ್ಕಳ ಪುಸ್ತಕ ಓದಿ ಅಕ್ಷರ ಕಲಿತಿದ್ದೆ. ಮೇಲಿನ ಪತ್ರವನ್ನು ಎತ್ತಿ ನಾಲ್ಕು ಸಾಲು ಓದಿದೆ. ಬರೆದವರು ಕಾಮಯ್ಯ ಪಂತುಲು, ನಿಜಾಮರ ಕಾಲದಲ್ಲಿ ಹೈದರಾಬಾದಿನ ಗಣಿ ಖಾತೆಯಲ್ಲಿದ್ದವರು. ಕಲ್ಲಿನಲ್ಲಿ ಉಳಿದ ಹಳೆಯ ಜೀವಗಳ ಗುರುತು ಹುಡುಕುವುದೇ ಅವರ ಹುಚ್ಚು. ಬರೆದದ್ದು ಹಳ್ಳಿಯ ಏಕೋಪಾಧ್ಯಾಯ ಶಾಲೆಯ ಬಸಪ್ಪ ಮಾಸ್ತರರಿಗೆ, ಅಂದರೆ ಗಿರಿಜಾಳ ಅಜ್ಜನಿಗೆ. ಮಾಸ್ತರರು ಹೈದರಾಬಾದಿನಲ್ಲಿ ತರಬೇತಿ ಮುಗಿಸಿದ್ದರಿಂದ ತೆಲುಗು ಬಲ್ಲವರಾಗಿದ್ದರು. ಪತ್ರದ ವಿಷಯ ಸುತ್ತು ಗೆರೆಯ ಕಲ್ಲು. ನನ್ನ ಕಲ್ಲು. ಅದೇ ಹಳ್ಳ.

ಎದೆಯಲ್ಲಿ ಮೆಣಸಿನಕಾಯಿ ಸುಟ್ಟ ಹಾಗಾಯಿತು. ನನ್ನ ಕಲ್ಲು ನನ್ನದಲ್ಲ ಎಂಬ ಉರಿ ಸ್ವಲ್ಪ, ಅಷ್ಟೇ. ದೊಡ್ಡ ಉರಿ ಬೇರೆಯದು. ಪತ್ರಗಳನ್ನು ಎಣಿಸಿದೆ, ನಲವತ್ತೊಂದು. ಹಳ್ಳಿಯ ಮಾಸ್ತರನೊಬ್ಬನಿಗೆ ಪಂಡಿತನೊಬ್ಬ ನಲವತ್ತೊಂದು ಸಲ ಉತ್ತರ ಬರೆದಿದ್ದ.

ಹೆಡ್ ಮಾಸ್ತರರಿಗೆ ಸುದ್ದಿ ಮುಟ್ಟಲು ಒಂದು ಪೀರಿಯಡ್ ಸಾಕಾಯಿತು. ಜನವರಿಯಲ್ಲಿ ಕೊಪ್ಪಳದಲ್ಲಿ ವಸ್ತುಪ್ರದರ್ಶನವಿತ್ತು. ನನ್ನ ಕಪಾಟಿನ ಕಲ್ಲುಗಳು ಹೋಗುವುದೆಂದು ಆಗಸ್ಟ್‌ನಲ್ಲೇ ಮಾತಾಗಿತ್ತು. ಈಗ ಅವರು ಪತ್ರಗಳನ್ನು ಮುಂದಿನ ಮೇಜಿಗೆ ಇಟ್ಟು ಕಲ್ಲುಗಳನ್ನು ಹಿಂದೆ ಜೋಡಿಸೋಣ ಎಂದರು. ನಾನು ಮುಖ ಸಿಂಡರಿಸಿದ್ದನ್ನು ನೋಡಿ ಸಮಾಧಾನದ ಮಾತೂ ಹೇಳಿದರು. "ಕಲ್ಲು ಎಲ್ಲಾ ಕಡೆ ಬಿದ್ದಾವ್ರಿ ಮೇಡಂ. ಇಂಥಾ ಕಾಗದ ಎಲ್ಲೆ ಸಿಗ್ತಾವ?"

ಹೀಗೆ ಆ ಮಾಗಿಯ ಭಾನುವಾರಗಳೆಲ್ಲ ಗಿರಿಜಾಳ ಬಾಡಿಗೆ ಮನೆಯ ಜಗುಲಿಯಲ್ಲಿ ಕಳೆದವು. ಎಳೆಬಿಸಿಲು, ಒಣ ಗಾಳಿ, ತುಟಿ ಒಡೆಯುವ ಚಳಿ. ಎದುರಿನ ಹೊಲದಲ್ಲಿ ಜೋಳ ಹಾಲುಗಾಳಾಗಿತ್ತು. ಯಾರೋ ಒಬ್ಬರು ಎಳೆ ತೆನೆ ಸುಟ್ಟು ಬಡಿದ ಸೀತನಿ ತಂದುಕೊಡುತ್ತಿದ್ದರು. ಅವಳು ಅದಕ್ಕೆ ಶೇಂಗಾ ಚಟ್ನಿ, ಬೆಲ್ಲ ಇಟ್ಟು ನನ್ನ ಮುಂದೆ ಸರಿಸುವಳು. ನಾನು ಓದಿ ಕನ್ನಡದಲ್ಲಿ ಹೇಳುವುದು, ಅವಳು ನೋಟುಪುಸ್ತಕದಲ್ಲಿ ಬರೆದುಕೊಳ್ಳುವುದು. ಅವಳ ಸೀತನಿ ತಿನ್ನುತ್ತ ಅವಳ ಅಜ್ಜನ ಮೇಲೆ ಉರಿದೆ. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಅದೇ.

ತಂತಿಯ ತಳದಿಂದ ಓದುತ್ತ ಬಂದರೆ ಪಂತುಲು ಅವರ ಇಡೀ ನೌಕರಿ ಕಣ್ಣಿಗೆ ಬಿತ್ತು. ನಕ್ಷೆ ಬರೆಯುವ ಗುಮಾಸ್ತನಾಗಿ ಸೇರಿದವರು. ಸರಕಾರ ಅವರನ್ನು ಈ ಕಡೆ ಕಳಿಸಿದ್ದು ಬಂಗಾರ, ಕಲ್ಲಿದ್ದಲು ಸಿಗುತ್ತದೆಯೇ ನೋಡಿ ಬಾ ಎಂದು. ಎಂಟು ದಿನ ಹಳ್ಳದ ದಂಡೆಗೆ ಡೇರೆ ಹಾಕಿದಾಗ ಬಸಪ್ಪ ಮಾಸ್ತರರು ಬಟ್ಟೆ ಒಗೆಯುವ ಹಾಸುಗಲ್ಲಿನ ಮೇಲೆ ಒಂದು ಕೊಡ ನೀರು ಸುರಿದು ಗೆರೆ ತೋರಿಸಿದರು. ಅಲ್ಲಿಂದ ಮುಂದೆ ಬಂಗಾರ ಅವರಿಗೆ ಮರೆತೇ ಹೋಯಿತು. ಮಾಸ್ತರರು ಕಲ್ಲನ್ನು ಜೋಳದ ಕಣಿಕೆಯಲ್ಲಿ ಸುತ್ತಿ ಬಂಡಿಯಲ್ಲಿ ಕೊಪ್ಪಳದ ಸ್ಟೇಷನ್ನಿಗೆ ಮುಟ್ಟಿಸುವರು, ಅಲ್ಲಿಂದ ಅದು ರೈಲಿನಲ್ಲಿ ಹೋಗುವುದು. ಇದು ಜೀವದ ಗುರುತು ಎಂದು ಪಂತುಲು ಬರೆದರೆ ಮೇಲಿನ ದೊರೆ ಬರೀ ಮಣ್ಣಿನ ಪದರ ಎಂದು ನಕ್ಕ. ದೂರದ ಊರಿಗೆ ಕಳಿಸಿದ ಲೇಖನ ಮೂರು ಸಲ ವಾಪಸು ಬಂತು. ಕೆಳಗಿನವನು ಮೇಲೆ ಬಂದ, ಇವರನ್ನು ಜ್ವರದ ಕಾಡಿಗೆ ವರ್ಗ ಮಾಡಿದರು. ಅಷ್ಟಾದರೂ ಪ್ರತಿ ಪತ್ರದ ಕೊನೆಗೆ ಮುಂದಿನ ಕಲ್ಲು ಯಾವಾಗ ಕಳಿಸುತ್ತೀರಿ ಎಂಬ ಪ್ರಶ್ನೆ.

ಇನ್ನು ನನ್ನ ಕೆಲಸಕ್ಕೆ ಬರುತ್ತೇನೆ. ಒಂದು ಪತ್ರದಲ್ಲಿ ಅವರು ಹೀಗೆ ಬರೆದಿದ್ದರು: ಮಾಸ್ತರರೇ, ನೋಡುವುದಕ್ಕೆಂದು ಸರಕಾರ ನನಗೆ ಸಂಬಳ ಕೊಡುತ್ತದೆ, ಆದರೆ ಕಣ್ಣು ಇರುವುದು ನಿಮಗೆ. ನಾನು ಓದಿದೆ, ಗಂಟಲು ಸರಿಮಾಡಿಕೊಂಡೆ, ಕಲ್ಲು ಮುಟ್ಟಿತು ಎಂದು ಬರೆದಿದ್ದಾರೆ ಎಂದು ಹೇಳಿದೆ. ಗಿರಿಜಾ ಕಲ್ಲು ಮುಟ್ಟಿತು ಎಂದು ಬರೆದುಕೊಂಡಳು. ಒಂದು ಸಲ ನಾಲಿಗೆ ಹೊರಳಿದ ಮೇಲೆ ಮುಂದೆ ಕಷ್ಟವಾಗಲಿಲ್ಲ. ಹೊಗಳಿಕೆ ಬಂದಲ್ಲೆಲ್ಲ ಸೋಸಿದೆ. ನಿಮ್ಮ ಹಾಗೆ ಬರೆಯುವವರು ನಮ್ಮ ಖಾತೆಯಲ್ಲಿ ಒಬ್ಬರೂ ಇಲ್ಲ ಎಂಬುದು ನಿಮ್ಮ ಪತ್ರ ಬಂತು ಎಂದಾಯಿತು. ಅವಳಿಗೆ ತೆಲುಗು ಬಾರದು, ಅಜ್ಜ ಸತ್ತು ಎಷ್ಟೋ ಕಾಲವಾಗಿದೆ, ಯಾರಿಗೆ ಏನು ನಷ್ಟ ಎಂದುಕೊಂಡೆ.

ಒಂದು ಪತ್ರವನ್ನಂತೂ ಇಡಿಯಾಗಿ ನುಂಗಿದೆ. ಅದರಲ್ಲಿ ಪಂತುಲು ತಮ್ಮ ಕೈಕೆಳಗಿನ ಒಬ್ಬನ ಬಗ್ಗೆ ಬರೆದಿದ್ದರು. ಅವನಿಗೆ ಬೇರೆ ಕಡೆ ಇಂಥದೇ ಕಲ್ಲು ಸಿಕ್ಕು, ದೊರೆ ಬೆನ್ನು ತಟ್ಟಿದನಂತೆ. "ನನಗೆ ಹೊಟ್ಟೆಕಿಚ್ಚಾಯಿತು ಮಾಸ್ತರರೇ. ಮೂರು ದಿನ ಅವನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಅವನ ಕಲ್ಲು ನೋಡಿದೆ. ನಮ್ಮದಕ್ಕಿಂತ ಚೆನ್ನಾಗಿತ್ತು. ಹೋಗಿ ಅವನಿಗೆ ಹಾಗೆಂದು ಹೇಳಿಬಂದೆ, ಅನ್ನ ಸೇರಿತು." ಇದನ್ನು ಓದುವಾಗ ನನ್ನ ಬಾಯಲ್ಲಿದ್ದ ಸೀತನಿ ಕಹಿಯಾಯಿತು. ಇದರಲ್ಲಿ ಬರೀ ಜ್ವರದ ಸುದ್ದಿ ಇದೆ, ಬಿಡು ಎಂದು ಗಿರಿಜಾಳಿಗೆ ಹೇಳಿ ಮುಂದಿನದನ್ನು ಎತ್ತಿಕೊಂಡೆ.

ಕೊನೆಯ ಪತ್ರ ಸಂಕ್ರಾಂತಿಗೆ ಮೊದಲು ಮುಗಿಯಿತು. ಈ ಸಲ ಲೇಖನ ಒಪ್ಪುತ್ತಾರೆಂಬ ನಂಬಿಕೆ ಇದೆ, ಅದರಲ್ಲಿ ನಿಮ್ಮ ಹೆಸರು ಬರೆದಿದ್ದೇನೆ, ಅಚ್ಚಾದ ಕೂಡಲೇ ಪ್ರತಿ ಕಳಿಸುತ್ತೇನೆ ಎಂದಿತ್ತು. ಅದರ ಮೇಲೆ ಗೇಣುದ್ದ ತಂತಿ ಖಾಲಿ. ಪ್ರತಿಯೂ ಇಲ್ಲ, ಪತ್ರವೂ ಇಲ್ಲ. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಾಸ್ತರರಿಗೂ ಕೈ ಕೊಟ್ಟಿದ್ದರು! ಉತ್ತರ ಬಾರದವರ ಸಾಲಿನಲ್ಲಿ ನಾನೊಬ್ಬಳೇ ಅಲ್ಲ, ನಲವತ್ತೊಂದು ಪತ್ರದ ಧಣಿಯೂ ಬಂದು ನಿಂತಿದ್ದ. ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಪ್ರದರ್ಶನಕ್ಕೆ ಫಲಕ ಬರೆಯುವುದು ನನ್ನ ಪಾಲಿಗೆ ಬಂತು. ದಪ್ಪ ಕೆಂಪಕ್ಷರದಲ್ಲಿ ಬರೆದೆ: ಕಲ್ಲು ದೊರೆತ ಮೇಲೆ ಪಂಡಿತರು ಮಾಸ್ತರರನ್ನು ಮರೆತರು. ಗಿರಿಜಾ ಅದನ್ನು ಓದಿ ನೋಡಿದಳು. "ಹಂಗ ಬರೀಬ್ಯಾಡ್ರಿ ಮೇಡಂ. ಮರತಾರ ಅಂತ ನಮಗೇನು ಗೊತ್ತೈತಿ?" ಎಂದಳು. ಪುರಾವೆ ಏನು ಹೇಳುತ್ತದೋ ಅದನ್ನು ಬರೆಯುವುದು ವಿಜ್ಞಾನ, ಮನಸ್ಸಿಗೆ ಹಿತವಾದದ್ದನ್ನು ಬರೆಯುವುದು ನಿಮ್ಮ ಕನ್ನಡ ಪಾಠ ಎಂದು ನಾನು ಚುಚ್ಚಿದೆ.

ಪ್ರದರ್ಶನದ ಹಿಂದಿನ ಭಾನುವಾರ ಮಾಸ್ತರರ ಫೋಟೋ ತರಲು ಇಬ್ಬರೂ ಅವಳ ಹಳ್ಳಿಗೆ ಹೋದೆವು. ಹಳೆಯ ಮನೆಯಲ್ಲಿ ಅವಳ ತಂದೆ ತಾಯಿಯ ಜೊತೆ ಸೋದರತ್ತೆ ನೀಲಮ್ಮ ಇದ್ದರು. ಮಾಸ್ತರರ ಹಿರಿಯ ಮಗಳು, ಎಂಬತ್ತು ದಾಟಿದವರು, ಅಂಗಳದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಫೋಟೋ ಕೊಟ್ಟರು. ಅಪ್ಪನ ಬಗ್ಗೆ ಏನು ಬರೆದಿದ್ದೀರಿ, ಓದಿ ಹೇಳಿ ಎಂದರು. ಗಿರಿಜಾ ಬೇಡ ಎಂಬಂತೆ ನನ್ನ ಕಡೆ ನೋಡಿದಳು. ನಾನು ಫಲಕದ ಆ ಸಾಲನ್ನು ಓದಿ ಹೇಳಿದೆ.

ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಮರೆತ್ರು ಅಂತ ಯಾರು ಹೇಳಿದ್ರು ನಿಮಗ? ಆ ಪಂತುಲು ತೀರಿಕೊಂಡ್ರು. ಕಾಗದ ಬಂದಿತ್ತು."

ತಂತಿಯಲ್ಲಿ ಅಂಥ ಪತ್ರ ಇಲ್ಲವಲ್ಲ ಎಂದೆ.

"ಸತ್ತ ಸುದ್ದಿ ಕಾಗದ ಮನ್ಯಾಗ ಯಾರು ಇಡ್ತಾರ್ರಿ ಟೀಚರ್ ಬಾಯಾರ?"

ನಾನೇನು ವಿಲಾಯತಿಯಿಂದ ಬಂದವಳೇ? ನನ್ನ ಸೋದರಮಾವ ತೀರಿಹೋದ ಕಾರ್ಡು ಬಂದಾಗ ಅಪ್ಪ ಅದನ್ನು ಹೊಸ್ತಿಲಾಚೆ ನಿಂತು ಓದಿ, ಹರಿದು ಎಸೆದು, ತಲೆಯ ಮೇಲೆ ನೀರು ಸುರಿದುಕೊಂಡದ್ದನ್ನು ಕಣ್ಣಾರೆ ಕಂಡವಳು. ಸಾವಿನ ಪತ್ರ ತಂತಿ ಏರುವುದಿಲ್ಲ ಎಂಬುದು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಖಾಲಿ ತಂತಿ ನೋಡಿದ ಕೂಡಲೇ ನನಗೆ ಅದೇ ನೆನಪಾಗಬೇಕಿತ್ತು. ಹೊಟ್ಟೆಕಿಚ್ಚು ಬೇರೆ ಕಥೆ ಹೇಳಿತು, ಅದನ್ನೇ ಪುರಾವೆ ಎಂದೆ.

ಆಗ ನೀಲಮ್ಮನವರಿಗೆ ಎಂಟು ವರ್ಷವಂತೆ. ಅಪ್ಪ ಪತ್ರವನ್ನು ಹೊರಗೆ ನಿಂತು ಓದಿ, ಚೂರು ಮಾಡಿ, ತಿಪ್ಪೆಗೆ ಹಾಕಿ ಬಾ ಎಂದು ಇವರ ಕೈಗೆ ಕೊಟ್ಟರು. ಒಂದು ಚೂರೂ ಒಳಗೆ ಬರಬಾರದು ಎಂದರು. "ನಮ್ಮ ಕುಲ ಅಲ್ಲ, ನಮ್ಮ ಬಳಗ ಅಲ್ಲ. ಆದ್ರೂ ಒಡಹುಟ್ಟಿದಾಂವ ಹೋದಂಗ ಜಳಕ ಮಾಡಿದ. ಒದ್ದಿ ಧೋತ್ರದಾಗ ಸಂಜೀತನಕ ಕುಂತಿದ್ದ. ಆಮ್ಯಾಲ ತಂತಿ ಅಟ್ಟಕ್ಕ ಇಟ್ಟ, ಮತ್ತೊಂದು ಕಾಗದ ಅದಕ ಚುಚ್ಚಲಿಲ್ಲ."

ಪತ್ರದ ಜೊತೆ ಪಂತುಲು ಅವರ ಹೆಂಡತಿ ಒಂದು ಕಲ್ಲನ್ನೂ ಕಳಿಸಿದ್ದರಂತೆ. ಅದು ಎಲ್ಲಿದೆ ಎಂದು ಕೇಳಿದರೆ ನೀಲಮ್ಮ ಅಡುಗೆಮನೆಯ ಕಡೆ ಕೈ ಮಾಡಿದರು. ಉಪ್ಪಿನಕಾಯಿ ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಅದರ ಮೇಲೆ ಮರದ ಮುಚ್ಚಳ, ಮುಚ್ಚಳದ ಮೇಲೆ ಆ ಕಲ್ಲು. ಗರಗಸದಿಂದ ಸೀಳಿ, ಒಂದು ಮುಖವನ್ನು ನುಣುಪು ಮಾಡಿದ್ದರು. ಆ ಮುಖದ ಮೂಲೆಯಲ್ಲಿ ಬಿಳಿ ಬಣ್ಣದ ಪಟ್ಟಿ, ಪಟ್ಟಿಯ ಮೇಲೆ ಸಣ್ಣ ತೆಲುಗು ಅಕ್ಷರ. ಮೇಲಿದ್ದರೆ ಎಣ್ಣೆ ಕೈ ತಾಗುತ್ತದೆ ಎಂದು ಅಕ್ಷರ ಕೆಳಗೆ ಮಾಡಿ ಇಷ್ಟು ವರ್ಷ ಇಟ್ಟಿದ್ದೇನೆ, ಏನು ಬರೆದಿದೆ ಎಂದು ಅಪ್ಪ ಹೇಳಲಿಲ್ಲ, ಅವನಾದ ಮೇಲೆ ಓದುವವರು ಸಿಗಲಿಲ್ಲ ಎಂದರು. ಆ ಮನೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ಒಂದು ಗಳಿಗೆ ನಾಲಿಗೆ ಮತ್ತೆ ಹೊರಳಲು ನೋಡಿತು. ಸುಳ್ಳು ಹೇಳುವುದಿಲ್ಲ, ನೋಡಿತು. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಓದಿದೆ: ಮೊದಲು ಕಂಡವರು ಬಸಪ್ಪ ಮಾಸ್ತರರು.

ನೀಲಮ್ಮ ನಕ್ಕುಬಿಟ್ಟರು. "ಅಪ್ಪ ಎಲ್ಲೆ ಕಂಡಾನ್ರಿ. ಅರಿವಿ ಒಗಿಯಾಕ ಹೋಗಾಕಿ ನಮ್ಮವ್ವ. ಕಲ್ಲಾಗ ಉಳ್ಳಾಗಡ್ಡಿ ಐತಿ ನೋಡು ಬಾ ಅಂತ ಅಪ್ಪನ್ನ ಕರಕೊಂಡು ಹೋದಾಕಿ ಆಕಿ. ಆಕಿ ಹೆಸರೂ ಐತೇನ್ರಿ ಅದರ ಮ್ಯಾಲ?"

ಇಲ್ಲ ಎಂದೆ.

"ಇರ್ಲಿ ಬಿಡ್ರಿ. ಆಕಿಗೆ ಓದಾಕ ಬರ್ತಿದ್ದಿಲ್ಲ," ಎಂದು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಹನುಮಸಾಗರದ ಬಸ್ ಸ್ಟ್ಯಾಂಡಿನಲ್ಲಿ ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಸೋಸಿದ ಹೊಗಳಿಕೆ, ನುಂಗಿದ ಪತ್ರ, ಯಾವುದನ್ನೂ ಬಿಡಲಿಲ್ಲ. ಹೇಳಿದರೆ ಪಂತುಲು ಅವರಿಗೆ ಸೇರಿದಂತೆ ನನಗೂ ಅನ್ನ ಸೇರುತ್ತದೆ ಎಂಬ ಆಸೆಯೂ ಇತ್ತು. ಅವಳು ಕೂಗಾಡಲಿಲ್ಲ. "ಅಜ್ಜನ ಕಾಗದದಾಗ ಯಾಕ ಕೈ ಆಡಿಸಿದ್ರಿ? ಮುಂದಿನ ಮೇಜು ಬೇಕಂತ ಒಂದ ಮಾತು ಅಂದಿದ್ರ ನಾನ ಬಿಟ್ಟುಕೊಡ್ತಿದ್ದೆ," ಎಂದಳು. ಬಸ್ಸು ಬಂದಾಗ ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ ಕೂತೆ.

ಮಾರನೆಯ ದಿನ ತಂತಿಯನ್ನು ಮನೆಗೆ ಒಯ್ದಳು. ಕೊಪ್ಪಳಕ್ಕೆ ನನ್ನ ಕಲ್ಲುಗಳಷ್ಟೇ ಹೋದವು, ಮುಂದಿನ ಮೇಜಿನಲ್ಲಿ ಕೂತವು. ಆಗಸ್ಟ್‌ನಲ್ಲಿ ನಾನು ಬಯಸಿದ್ದು ಅದನ್ನೇ. ನೋಡಲು ಬಂದ ಅಧಿಕಾರಿಯೊಬ್ಬರು ಇದರಲ್ಲಿ ನೀವು ಹೊಸದಾಗಿ ಕಂಡದ್ದು ಯಾವುದು ಎಂದು ಕೇಳಿದರು. ಯಾವುದೂ ಇಲ್ಲ ಎಂದೆ.

ಮುಂದಿನ ಜೂನ್‌ನಲ್ಲಿ ಗಿರಿಜಾ ಯಲಬುರ್ಗಾಕ್ಕೆ ವರ್ಗವಾಗಿ ಹೋದಳು. ಪತ್ರಗಳ ಫೋಟೋ ನನ್ನ ಮೊಬೈಲಿನಲ್ಲಿದ್ದವು. ನಲವತ್ತೊಂದನ್ನೂ ಮತ್ತೆ ತಳದಿಂದ ಕನ್ನಡಕ್ಕೆ ತಂದೆ. ಹೊಗಳಿಕೆಯ ಒಂದು ಕಾಳೂ ಬಿಡದೆ, ಆ ಹೊಟ್ಟೆಕಿಚ್ಚಿನ ಪತ್ರವನ್ನೂ ಸೇರಿಸಿ, ಹೊಸ ನೋಟುಪುಸ್ತಕದಲ್ಲಿ ದುಂಡಗೆ ಬರೆದು ಅವಳಿಗೆ ರಿಜಿಸ್ಟರ್ ಮಾಡಿದೆ. ಉತ್ತರ ಬರಲಿಲ್ಲ. ಯಲಬುರ್ಗಾ ಇಲ್ಲಿಂದ ಒಂದು ತಾಸಿನ ದಾರಿ. ಹೋಗಬಹುದಿತ್ತು, ಹೋಗಲಿಲ್ಲ. ಪೋಸ್ಟಮನ್ ನಮ್ಮ ಓಣಿಗೆ ಬಂದರೆ ಅವನ ಕೈ ನೋಡುವ ಚಟ ಮಾತ್ರ ಹೋಗಲಿಲ್ಲ.

ಹೋದ ವಾರ ಅವನು ಒಂದು ಭಾರದ ಪಾರ್ಸೆಲ್ಲು ಕೊಟ್ಟ. ಅಂಗಳದಲ್ಲೇ ಬಿಚ್ಚಿದೆ. ಬಟ್ಟೆಯಲ್ಲಿ ಸುತ್ತಿದ ಕಲ್ಲು, ಜೊತೆಗೆ ಗಿರಿಜಾಳ ಕೈಬರಹದ ಪತ್ರ. ನಾಲ್ಕೇ ಸಾಲು. ಅತ್ತೆ ತೀರಿಕೊಂಡರು, ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ ಬಾಯಾರಿಗೆ ಕಲ್ಲು ಕೊಡು ಎಂದು ಹೇಳಿ ಹೋದರು, ನಿಮ್ಮ ನೋಟುಪುಸ್ತಕ ಬಂದಿತ್ತು, ಎರಡು ಸಲ ಓದಿದ್ದೇನೆ.

ಕಲ್ಲಿನ ವಿಷಯವಾಗಿ ನನ್ನ ಹೆಸರಿಗೆ ಬಂದ ಮೊದಲ ಪತ್ರ ಅದು. ಅದರಲ್ಲಿ ಸಾವಿತ್ತು. ನಾನು ವಿಜ್ಞಾನದ ಟೀಚರು, ಇವನ್ನೆಲ್ಲ ನಂಬುವವಳಲ್ಲ. ಅಂಗಳದಲ್ಲಿ ಯಾರೂ ಇರಲಿಲ್ಲ, ಒಳಗೆ ಒಯ್ದು ಎತ್ತಿಟ್ಟಿದ್ದರೆ ಕೇಳುವವರಿರಲಿಲ್ಲ. ಇನ್ನೊಮ್ಮೆ ಓದಿದೆ, ಮತ್ತೊಮ್ಮೆ ಓದಿದೆ. ಆಮೇಲೆ ಚೂರು ಚೂರು ಹರಿದು ಬೇವಿನ ಮರದ ಬುಡಕ್ಕೆ ಹಾಕಿ ತಲೆಗೆ ನೀರು ಹಾಕಿಕೊಂಡೆ. ಬಸಪ್ಪ ಮಾಸ್ತರರು ಒಂದನ್ನು ಹರಿದರೂ ಇಟ್ಟುಕೊಳ್ಳಲು ನಲವತ್ತೊಂದು ಇದ್ದವು. ಈ ಮಾತು ಆಗಲೂ ಮನಸ್ಸಿಗೆ ಬಂತು, ನನ್ನ ಬುದ್ಧಿ ಅಷ್ಟೇ.

ಕಲ್ಲನ್ನು ಒಳಗೆ ತಂದು ಮೇಜಿನ ಮೇಲಿಟ್ಟೆ. ಒದ್ದೆ ಕೂದಲಿನ ನೀರು ಅದರ ಮೇಲೆ ತೊಟ್ಟಿಕ್ಕಿ ಗೆರೆಗಳು ಒಂದೊಂದಾಗಿ ಎದ್ದವು. ಬಿಳಿ ಪಟ್ಟಿಯಲ್ಲಿ ಮಾಸ್ತರರ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗವಿದೆ. ಪೆನ್ನು ತೆಗೆದೆ, ಕೈ ನಿಂತಿತು. ಬಟ್ಟೆ ಒಗೆಯಲು ಹೋಗಿ ಕಲ್ಲಿನಲ್ಲಿ ಉಳ್ಳಾಗಡ್ಡಿ ಕಂಡ ಆ ತಾಯಿಯ ಹೆಸರೇನೆಂದು ನಾನು ಅಂದು ಕೇಳಿರಲಿಲ್ಲ. ಇನ್ನು ನೀಲಮ್ಮನವರನ್ನು ಕೇಳುವ ಹಾಗಿಲ್ಲ. ಗಿರಿಜಾಳಿಗೆ ಗೊತ್ತಿರಬೇಕು.

ಇವತ್ತು ಅವಳಿಗೆ ಪತ್ರ ಬರೆದು ಡಬ್ಬಿಗೆ ಹಾಕಿ ಬಂದೆ. ನಿಮ್ಮ ಅಜ್ಜಿಯ ಹೆಸರೇನು ಎಂಬುದನ್ನು ಬಿಟ್ಟು ಬೇರೇನೂ ಕೇಳಿಲ್ಲ. ಬರುವಾಗ ಬಜಾರಿನಲ್ಲಿ ಒಂದು ಮೊಳ ತಂತಿ ತಂದು, ತುದಿ ಬಾಗಿಸಿ, ಗೋಡೆಯ ಮೊಳೆಗೆ ಹಾಕಿದ್ದೇನೆ.